ಬೆಳ್ಳಕ್ಕಿಯ ಹಿಂಬಾಗಿಲು

3 ಜೂನ್

ಪ್ರೀತಿಯ ಪುಟ್ಟಿ,

ಕುಳಿತುಕೊಂಡು ಓದು. ನಿಂತು ಓದಿದರೆ ಬೀಳುತ್ತೀಯ. ನಿನ್ನ ಪ್ರಕಾಶಕರು ನಿನ್ನ ಕಾದಂಬರಿಗಳ ನೌಕೆ ಬೆಳ್ಳಕ್ಕಿಗೆ ಒಂದು ಕೈಪಿಡಿ ತರುತ್ತಿದ್ದಾರಲ್ಲ, ಅದರ ಚಿತ್ರ, ಬರಹ ಎರಡೂ ನನ್ನ ಪಾಲಿಗೆ ಬಂದಿವೆ. ಹೌದು, ನಿನ್ನ ಅತ್ತಿಗೆಯ ಪಾಲಿಗೇ. ವಾಷಿಂಗ್ ಮೆಷಿನ್, ಮಿಕ್ಸಿ, ನೀರಿನ ಪಂಪುಗಳ ಡಬ್ಬದಲ್ಲಿ ತಳಕ್ಕೆ ಬಿದ್ದಿರುವ, ಯಾರೂ ಓದದ ಪುಸ್ತಕಗಳನ್ನು ಇಷ್ಟು ವರ್ಷ ಬರೆದವಳಿಗೆ ಈಗ ನಕ್ಷತ್ರನೌಕೆಗೆ ಬಡ್ತಿ ಸಿಕ್ಕಿದೆ.

ಪ್ರಕಾಶಕರು ಹೇಳಿದ್ದು ಇಷ್ಟು. ಈ ಪುಸ್ತಕ ನೌಕೆಯೊಳಗೇ ಇರುವಂಥದ್ದಾಗಬೇಕು. ಬೆಳ್ಳಕ್ಕಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಗೆ ಮೊದಲ ದಿನ ಕೊಡುವ ಪುಸ್ತಕ. ಕಾದಂಬರಿ, ಲೇಖಕಿ ಎಂಬ ಮಾತು ಅದರಲ್ಲಿ ಎಲ್ಲೂ ಸುಳಿಯಬಾರದು. "ನಿಮ್ಮ ನಾದಿನಿ ಹತ್ತನೇದು ಕೊಡ್ತೀನಿ ಕೊಡ್ತೀನಿ ಅಂತ ನಾಲ್ಕು ವರ್ಷ ಆಯ್ತು. ಅಲ್ಲೀವರೆಗೆ ಓದುಗರು ನನ್ನ ಜೀವ ತಿನ್ನದೇ ಇರ್ಲಿ ಅಂತ ಇದನ್ನ ಮಾಡ್ತಿದೀನಿ" ಎಂದರು. ಪಾಪ, ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು.

ನಾನು ಕಥೆ ಓದುವವಳಲ್ಲ, ನಿನಗೇ ಗೊತ್ತು. ಈಗ ಹೊಟ್ಟೆಪಾಡಿಗಾಗಿ ಒಂಬತ್ತನ್ನೂ ಓದಿದ್ದೇನೆ. ಮೂರು ಪ್ರಶ್ನೆಗಳಿವೆ. ಮೊದಲನೆಯದು, ಒಂಬತ್ತು ಪುಸ್ತಕಗಳಲ್ಲಿ ನಿನ್ನ ನೌಕೆಯವರು ಒಬ್ಬರೂ ಬಚ್ಚಲಿಗೆ ಹೋಗಿಲ್ಲ. ಬಚ್ಚಲು ಎಲ್ಲಿದೆ? ಎರಡನೆಯದು, ಹಿಂಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ? ಮೂರನೆಯದೇ ಮುಖ್ಯ. ಒಂಬತ್ತನೆಯದರ ಕೊನೆಯ ಪುಟದಲ್ಲಿ ನಡುದಾರಿಯಲ್ಲಿ ಎಂಜಿನ್ ನಿಲ್ಲುತ್ತದೆ. ಯಾಕೆ ನಿಂತಿತು, ಮತ್ತೆ ಹೇಗೆ ಹೊರಡುತ್ತದೆ? ನಮ್ಮ ಕಸುಬಿನಲ್ಲಿ ಕೊನೆಯ ಪುಟ ಯಾವಾಗಲೂ 'ತೊಂದರೆ, ಕಾರಣ, ಪರಿಹಾರ'. ಉಳಿದ ಪುಟ ಯಾರೂ ಓದುವುದಿಲ್ಲ, ಅದೊಂದನ್ನು ಮಾತ್ರ ಮೆಷಿನ್ ಕೈಕೊಟ್ಟ ದಿನ ಹುಡುಕಿಕೊಂಡು ಬರುತ್ತಾರೆ. ಅದಿಲ್ಲದೆ ನಾನು ಪುಸ್ತಕ ಕೊಡಲಾರೆ.

ಇನ್ನೊಂದು. "ಬೆಳ್ಳಕ್ಕಿ ತನ್ನವರನ್ನು ಬಿಟ್ಟು ಹೊರಡುವುದಿಲ್ಲ" ಎಂದು ನಿನ್ನ ನಾಯಕಿ ಮಾತೆತ್ತಿದರೆ ಹೇಳುತ್ತಾಳಲ್ಲ, ಅದನ್ನು ರಟ್ಟಿನ ಮೇಲೆ ಹಾಕಲೇ?

ಫೋನ್ ಮಾಡೋಣವೆಂದರೆ ನೀನು ಎತ್ತುವುದಿಲ್ಲ. ನಿಮ್ಮಣ್ಣ ಕನ್ನಡಕದ ಅಂಗಡಿಯಿಂದ ಬಂದವರೇ "ಅವಳು ಯಾವಾಗ ಬರ್ತಾಳಂತೆ?" ಎಂದು ಗೋಡೆಯನ್ನು ಕೇಳುತ್ತಾರೆ. ನಾನು ಗೋಡೆಯ ಪರವಾಗಿ ಉತ್ತರ ಕೊಡುತ್ತೇನೆ. ನಿನ್ನ ಸಣ್ಣ ಕೋಣೆ ಹಾಗೇ ಇದೆ, ಮಂಚದ ಮೇಲೆ ಹಾಸಿಗೆಯೂ ಹಾಸಿದೆ.

ನಿನ್ನ
ಅತ್ತಿಗೆ


11 ಜೂನ್

ಅತ್ತಿಗೆ,

ಕುಳಿತೇ ಓದಿದೆ, ಆದರೂ ಬಿದ್ದೆ. ಪ್ರಕಾಶಕರಿಗೆ ಭೂಮಿಯ ಮೇಲೆ ಬೇರೆ ಯಾರೂ ಸಿಗಲಿಲ್ಲವೇ? ನಮ್ಮ ಮನೆಯಲ್ಲಿ ನನ್ನ ಪುಸ್ತಕ ಓದದವರು ಒಬ್ಬರಾದರೂ ಇದ್ದಾರೆ ಎಂಬುದು ನನಗೊಂದು ನೆಮ್ಮದಿಯಾಗಿತ್ತು. ನಿಮ್ಮನ್ನು ಮೊದಲು ಕಂಡ ದಿನವೇ ಹೇಳಿದ್ದೆ, ನೆನಪಿದೆಯೇ? "ಓದಿದವರೆಲ್ಲ ಮುಂದೇನು ಮುಂದೇನು ಅಂತ ತಲೆ ತಿಂತಾರೆ, ನೀವೊಬ್ರು ಓದ್ಬೇಡಿ" ಅಂತ. ಮಾತು ಉಳಿಸಿಕೊಂಡಿರಿ, ಈಗ ಹೊಟ್ಟೆಪಾಡು ಕೆಡಿಸಿತು.

ಉತ್ತರಗಳು. ಬಚ್ಚಲು ಇದೆ, ಎಲ್ಲಿ ಎಂದು ನನಗೂ ಗೊತ್ತಿಲ್ಲ. ನಿಮಗೆ ತೋಚಿದಲ್ಲಿ ಹಾಕಿ, ಅಡುಗೆಮನೆಗೆ ಅಂಟಿಸಬೇಡಿ. ಹಿಂಬಾಗಿಲು ಹೊರಕ್ಕೆ ತೆರೆಯುತ್ತದೆ. ಚಿತ್ರದಲ್ಲಿ ಅದನ್ನು ತೆರೆದೇ ತೋರಿಸಬೇಕು. ಒಂಬತ್ತನೆಯದರಲ್ಲಿ ಅಡುಗೆಯವಳು ನಾಯಕಿಯ ಜೊತೆ ಜಗಳವಾಡಿ, ಸೌಟು ಎಸೆದು, ಸಣ್ಣ ದೋಣಿ ಹತ್ತಿ ಹೊರಟುಹೋಗುತ್ತಾಳಲ್ಲ, ಆಗ ನಾಯಕಿ ಹೇಳುತ್ತಾಳೆ: "ಹಿಂಬಾಗಿಲು ಹಾಕಬೇಡಿ. ವಾಪಸ್ ಬಂದರೆ ಅವಳು ತಟ್ಟುವ ಹಾಗಾಗಬಾರದು." ಗಾಳಿ ಹೋಗುವುದಿಲ್ಲವೇ ಎಂದು ಕೇಳಬೇಡಿ, ಒಳಗೆ ಇನ್ನೊಂದು ಬಾಗಿಲಿದೆ. ರಟ್ಟಿನ ಮೇಲೆ ಆ ಮಾತು ಬೇಕಾದರೆ ಹಾಕಿ. ಅದು ನಾಯಕಿಯ ಜಂಬದ ಮಾತು, ಮೊದಲ ಪುಸ್ತಕದಲ್ಲಿ ಪುಟ ತುಂಬಿಸಲು ಬರೆದದ್ದು.

ಎಂಜಿನ್ ವಿಷಯ ಗುಟ್ಟು. ಹತ್ತನೆಯದರಲ್ಲಿ ಬರುತ್ತದೆ. ಹತ್ತನೆಯದು ನಡೆಯುತ್ತಿದೆ, ನಿಧಾನಕ್ಕೆ.

ಅಣ್ಣನಿಗೆ ಹೇಳಿ, ಮೇಜಿನ ಮೇಲೆ ಪ್ರೂಫ್‌ಗಳ ರಾಶಿ ಇದೆ, ತಲೆ ಎತ್ತಲು ಆಗುತ್ತಿಲ್ಲ. ಮುಂದಿನ ತಿಂಗಳು ನೋಡೋಣ.

ನಿಮ್ಮ
ನಾದಿನಿ


24 ಜೂನ್

ಪುಟ್ಟಿ,

ಇದರ ಜೊತೆ ಬೆಳ್ಳಕ್ಕಿಯ ದೊಡ್ಡ ಚಿತ್ರವಿದೆ. ಮಡಿಕೆ ಬಿಡಿಸುವಾಗ ಜೋಪಾನ. ಪಕ್ಕದ ಗೋಡೆಯನ್ನು ಕತ್ತರಿಸಿ ತೆಗೆದ ಹಾಗೆ ಬರೆದಿದ್ದೇನೆ, ಒಳಗಿನ ಕೋಣೆಗಳೆಲ್ಲ ಕಾಣುತ್ತವೆ. ಬಚ್ಚಲು ಯಂತ್ರಗಾರನ ಕೋಣೆಯ ಪಕ್ಕ. ಕೈ ಮಸಿ ಮಾಡಿಕೊಳ್ಳುವವನು ಅವನೊಬ್ಬನೇ.

ನಾಯಕಿಯ ಕುರ್ಚಿ ಎಷ್ಟು ಎತ್ತರ ಎಂದು ನೀನು ಎಲ್ಲೂ ಬರೆದಿಲ್ಲ. ಕುಳಿತಲ್ಲಿಂದಲೇ ಮೇಲಿನ ಹಿಡಿಕೆ ಎಳೆಯುತ್ತಾಳೆ ಎಂದು ಮಾತ್ರ ಇದೆ. ಅದಕ್ಕೆ ನಿಮ್ಮಣ್ಣನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಕಪಾಟಿನ ಹಿಡಿ ಎಳೆಯಲು ಹೇಳಿದೆ. ಕಪಾಟು ತೆರೆದು ಮೂರು ಡಬ್ಬ ತಲೆಯ ಮೇಲೆ ಬಿದ್ದವು. "ನಾಯಕಿಗೆ ಇದೆಲ್ಲ ಆಗಲ್ವಾ?" ಎಂದು ಕೇಳಿದರು. ಆಗುವುದಿಲ್ಲ, ಅವಳ ಮನೆಯಲ್ಲಿ ಡಬ್ಬಗಳನ್ನು ಸರಿಯಾಗಿ ಜೋಡಿಸಿರುತ್ತಾರೆ ಎಂದೆ. ಮರುದಿನ ಅಂಗಡಿಗೆ ಬಂದವರಿಗೆಲ್ಲ ಹಣೆಯ ಬುಗುಟು ತೋರಿಸಿ "ಅಂತರಿಕ್ಷದ ಗಾಯ" ಎಂದಿದ್ದಾರೆ.

ಇನ್ನು ಎಂಜಿನ್. ಗುಟ್ಟು ಎಂದೆಯಲ್ಲ, ನಾನು ಯಾರಿಗೆ ಹೇಳಲಿ? ಕಂಪನಿಯವರು ಮಾರುಕಟ್ಟೆಗೆ ಬರದ ಮೆಷಿನ್ ಬಿಚ್ಚಿ ನನ್ನ ಮುಂದೆ ಇಡುತ್ತಾರೆ, ನನ್ನ ಬಾಯಿಂದ ಒಂದು ಮಾತು ಹೊರಬಿದ್ದಿಲ್ಲ. ನನ್ನ ಮೇಲೆ ನಂಬಿಕೆ ಇಲ್ಲವಾದರೆ ನೇರವಾಗಿ ಹೇಳು, ಬೇಜಾರಿಲ್ಲ.

ಅತ್ತಿಗೆ


2 ಜುಲೈ

ಅತ್ತಿಗೆ,

ಚಿತ್ರವನ್ನು ಗೋಡೆಗೆ ಅಂಟಿಸಿ ಹಿಂದೆ ಸರಿದು ನೋಡಿದೆ. ಆಮೇಲೆ ನಕ್ಕ ನಗುವಿಗೆ ಕೆಳಗಿನ ಸೈಕಲ್ ರಿಪೇರಿಯವನು ಪಂಪು ಹೊಡೆಯುವುದನ್ನು ಬಿಟ್ಟು ಮೇಲೆ ಬಂದ.

ನೌಕೆಯನ್ನು ಹಿಂದುಮುಂದು ಬರೆದಿದ್ದೀರಿ. ನೀವು ಕೊಕ್ಕು ಮಾಡಿದ್ದೀರಲ್ಲ, ಆ ಉದ್ದನೆಯ ಭಾಗ ಕೊಕ್ಕಲ್ಲ, ಕಾಲು. ಬೆಳ್ಳಕ್ಕಿ ಹಾರುವಾಗ ಕಾಲು ಹಿಂದಕ್ಕೆ ಚಾಚುತ್ತದೆ, ಕತ್ತು ಮಡಿಸಿಕೊಳ್ಳುತ್ತದೆ. ನಿಮ್ಮ ಚಿತ್ರದ ಪ್ರಕಾರ ನನ್ನ ನಾಯಕಿ ಒಂಬತ್ತು ಪುಸ್ತಕಗಳ ಉದ್ದಕ್ಕೂ ರಿವರ್ಸ್‌ನಲ್ಲಿ ಪ್ರಯಾಣ ಮಾಡಿದ್ದಾಳೆ, ಅಡುಗೆಯವಳು ಮೂತಿಯಿಂದ ಇಳಿದು ಹೋಗಿದ್ದಾಳೆ. ಸೈಕಲ್ ರಿಪೇರಿಯವನು ಬಹಳ ಹೊತ್ತು ನೋಡಿ, "ಹಿಂದಕ್ಕೆ ಹೋದ್ರೂ ಪರ್ವಾಗಿಲ್ಲ ಬಿಡಿ, ಬಚ್ಚಲು ಚೆನ್ನಾಗಿದೆ" ಎಂದ.

ಆದರೆ ಒಂದು ಕೇಳಬೇಕು. ಉಗ್ರಾಣದ ಹಿಂದೆ ಒಂದು ಹಗ್ಗದ ಏಣಿ ಬರೆದಿದ್ದೀರಿ. ಅದು ಮೊದಲ ಪುಸ್ತಕದ ಮೊದಲ ಮುದ್ರಣದಲ್ಲಿ ಮಾತ್ರ ಇತ್ತು. ಎರಡನೆಯ ಮುದ್ರಣಕ್ಕೆ ನಾನೇ ಕಿತ್ತು ಹಾಕಿದೆ, ಮೊದಲ ಮುದ್ರಣ ಈಗ ನನ್ನ ಹತ್ತಿರವೂ ಇಲ್ಲ. ನಿಮಗೆಲ್ಲಿ ಸಿಕ್ಕಿತು?

ಎಂಜಿನ್ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ನಾದಿನಿ


9 ಜುಲೈ

ಪುಟ್ಟಿ,

ಮೂತಿ ತಿರುಗಿಸಿದ್ದೇನೆ. ಹೊಸ ಚಿತ್ರ ಇದರೊಂದಿಗಿದೆ. ಏಣಿ ಎಲ್ಲೋ ನೋಡಿದ ನೆನಪು, ತೆಗೆಯಬೇಕಾದರೆ ತೆಗೆಯುತ್ತೇನೆ. ಕೊನೆಯ ಪುಟ ಬಾಕಿ ಇದೆ. ಪ್ರಕಾಶಕರು ಕೇಳುತ್ತಿದ್ದಾರೆ.

ಅತ್ತಿಗೆ


15 ಜುಲೈ

ಅತ್ತಿಗೆ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಿಮ್ಮ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಯಾವತ್ತೂ ನಾಲ್ಕು ಪುಟ ಹರಟುವ ನೀವು ನಾಲ್ಕು ಸಾಲು ಬರೆದಿದ್ದೀರಿ. ನಕ್ಕಿದ್ದು ಅತಿಯಾಯಿತೇನೋ. ಅಥವಾ, ಇಲ್ಲದ ಹಡಗಿಗೆ ಎಲ್ಲಿಯ ರಿಪೇರಿ, ಇವಳ ಆಟಕ್ಕೆ ನಾನೇಕೆ ಕುಣಿಯಲಿ ಎಂದು ನಿಮಗೆ ಬೇಸರ ಬಂದಿರಬೇಕು.

ಗುಟ್ಟು ಏನೂ ಇಲ್ಲ. ಎಂಜಿನ್ ಯಾಕೆ ನಿಂತಿತೆಂದು ನನಗೆ ಗೊತ್ತಿಲ್ಲ. ಕೊನೆಯ ಪುಟದಲ್ಲಿ ನಿಲ್ಲಿಸಿದರೆ ಓದುಗರು ಉಸಿರು ಬಿಗಿಹಿಡಿಯುತ್ತಾರೆ ಎಂದು ನಿಲ್ಲಿಸಿದೆ, ಕಾರಣ ಆಮೇಲೆ ಹುಡುಕಿದರಾಯಿತು ಎಂದುಕೊಂಡೆ. ನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ. ದಿನಾ ಬೆಳಿಗ್ಗೆ ಹಾಳೆ ಇಟ್ಟುಕೊಂಡು ಕೂರುತ್ತೇನೆ, ಕೆಳಗೆ ಸೈಕಲ್ ಅಂಗಡಿ ತೆರೆಯುತ್ತದೆ, ನಾನು ಹಾಳೆ ಮುಚ್ಚಿ ಬೇರೆಯವರ ಪ್ರೂಫ್ ತಿದ್ದುತ್ತೇನೆ. ಹತ್ತನೆಯದರ ಒಂದೇ ಒಂದು ಸಾಲೂ ಇಲ್ಲ. ಬೆಳ್ಳಕ್ಕಿ ಅಲ್ಲೇ ನಿಂತುಹೋದರೆ ಏನು ಮಾಡಲಿ ಎಂದು ಹೆದರಿಕೆಯಾಗುತ್ತದೆ. ನನಗೆ ಬರುವುದು ಅದೊಂದೇ ಕೆಲಸ.

ಮನೆಗೆ ಬರದಿರುವುದೂ ಅದಕ್ಕೇ. ಪ್ರಕಾಶಕರಿಗೆ ಸುಳ್ಳು ಹೇಳಬಲ್ಲೆ. ಅಣ್ಣನಿಗೆ ಆಗುವುದಿಲ್ಲ. ಬಾಗಿಲು ತೆಗೆದವನೇ, ನನ್ನ ಕೈಯಿಂದ ಚೀಲ ಇಳಿಸಿಕೊಳ್ಳುವುದಕ್ಕೂ ಮೊದಲೇ, "ಹತ್ತನೇದು ಎಲ್ಲಿಗೆ ಬಂತೇ?" ಎಂದು ಮುಖವೆಲ್ಲ ಬಾಯಾಗಿ ಕೇಳುತ್ತಾನೆ. ಆ ಮುಖದ ಮುಂದೆ ನಾನು ನಿಲ್ಲಲಾರೆ.


16 ಜುಲೈ

ಅತ್ತಿಗೆ,

ಹೊಸ ಚಿತ್ರ ಬಹಳ ಚೆನ್ನಾಗಿದೆ. ಏಣಿ ಇರಲಿ. ಕೊನೆಯ ಪುಟಕ್ಕೆ ನಿಮಗೆ ತೋಚಿದ್ದನ್ನು ಬರೆದುಬಿಡಿ, ನನ್ನದೇನೂ ಅಭ್ಯಂತರವಿಲ್ಲ.

ನಾದಿನಿ


4 ಆಗಸ್ಟ್

ಪುಟ್ಟಿ,

ತಡವಾಯಿತು. ಕಂಪನಿಯವರು ಹೊಸ ವಾಷಿಂಗ್ ಮೆಷಿನ್ ಬಿಡುತ್ತಿದ್ದಾರೆ, ಅದರ ಕೈಪಿಡಿ ನಿನ್ನೆಗೇ ಬೇಕಿತ್ತಂತೆ. ಮೇಜಿನ ಈ ಕಡೆ ಮೆಷಿನ್, ಆ ಕಡೆ ಬೆಳ್ಳಕ್ಕಿ, ನಡುವೆ ನಾನು.

ನನಗೆ ತೋಚಿದ್ದನ್ನು ಬರೆ ಎಂದೆ. ನಿನ್ನ ನೌಕೆಗೆ ನಾನು ಕಾರಣ ಹುಟ್ಟಿಸುವುದು ನನಗೆ ಎಳ್ಳಷ್ಟೂ ಇಷ್ಟವಿಲ್ಲ. ಆದರೆ ಪ್ರಕಾಶಕರು ಬಾಗಿಲಲ್ಲಿ ನಿಂತಿದ್ದಾರೆ. ಪುಟ ಹೀಗಿದೆ:

ತೊಂದರೆ: ಎಂಜಿನ್ ಹೊರಡುತ್ತಿಲ್ಲ.

ಕಾರಣ: ಬಾಗಿಲು ಸರಿಯಾಗಿ ಮುಚ್ಚಿಲ್ಲ. ಪರಿಹಾರ: 'ಟಕ್' ಎಂಬ ಸದ್ದು ಕೇಳುವವರೆಗೆ ಬಾಗಿಲನ್ನು ಒತ್ತಿ.

ಕಾರಣ: ಜಾಲರಿಯಲ್ಲಿ ನಕ್ಷತ್ರದ ಧೂಳು ಕಟ್ಟಿಕೊಂಡಿದೆ. ಪರಿಹಾರ: ಜಾಲರಿಯನ್ನು ಬಿಚ್ಚಿ ತೊಳೆಯಿರಿ. ಯಂತ್ರಗಾರ ತೊಳೆದಿದ್ದೇನೆ ಎಂದರೆ ನಂಬಬೇಡಿ.

ಕಾರಣ: ನಾಯಕಿ ಮತ್ತು ಯಂತ್ರಗಾರ ಮಾತು ಬಿಟ್ಟಿದ್ದಾರೆ. ಪರಿಹಾರ: ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಚಹಾ ಕೊಡಿ.

ಹೇಗಿದೆ ಎಂದು ಬೇಗ ತಿಳಿಸು. ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಎಂದೇ ಬರೆ. ನಿನ್ನ ಒಂದೂವರೆ ಸಾಲಿನ ಪತ್ರಗಳಿಗಿಂತ ಬೈಗುಳ ವಾಸಿ.

ಅತ್ತಿಗೆ


6 ಆಗಸ್ಟ್

ಪುಟ್ಟಿ, ಪುಟ್ಟಿ,

ತಲೆ ಮೇಲೆ ಕೈ ಹೊತ್ತು ಕುಳಿತಿದ್ದೇನೆ. ಮೊದಲನೆಯ ಕಾರಣವನ್ನು ಕೂಡಲೇ ಹೊಡೆದುಹಾಕು. ಅದು ಬೆಳ್ಳಕ್ಕಿಯದಲ್ಲ, ವಾಷಿಂಗ್ ಮೆಷಿನ್ನಿನದು.

ನಾನು ಹೊಸ ಪುಟ ಯಾವತ್ತೂ ಖಾಲಿ ಹಾಳೆಯಲ್ಲಿ ಶುರು ಮಾಡುವುದಿಲ್ಲ. ಹಳೆಯ ಪುಟ ಇಟ್ಟುಕೊಂಡು ಸಾಲು ಸಾಲಾಗಿ ಬದಲಾಯಿಸುತ್ತಾ ಹೋಗುತ್ತೇನೆ. ವಾಷಿಂಗ್ ಮೆಷಿನ್ನಿನ ಪುಟದಲ್ಲಿ ಮೊದಲ ಕಾರಣ ಯಾವಾಗಲೂ ಬಾಗಿಲೇ. ಜನ ಮೆಕ್ಯಾನಿಕ್‌ಗೆ ಫೋನ್ ಮಾಡಿ ಕೂಗಾಡುತ್ತಾರೆ, ಅವನು ಬಂದು ನೋಡಿದರೆ ಬಾಗಿಲಲ್ಲಿ ಒಂದು ಕಾಲುಚೀಲ ಸಿಕ್ಕಿಕೊಂಡಿರುತ್ತದೆ. ಬಾಗಿಲು ತೆರೆದಿದ್ದರೆ ಮೆಷಿನ್ ತಿರುಗಬಾರದು, ಒಳಗೆ ಕೈ ಹಾಕಿದವರಿಗೆ ಪೆಟ್ಟಾಗುತ್ತದೆ, ಅದಕ್ಕೇ ಹಾಗೆ ಮಾಡಿರುತ್ತಾರೆ. ಆ ಸಾಲನ್ನು ಬದಲಿಸದೆ ಹಾಗೇ ಬಿಟ್ಟು ಮುಂದಕ್ಕೆ ಹೋಗಿದ್ದೇನೆ. ನಿನ್ನೆ ಕಂಪನಿಗೆ ಕಳಿಸುವ ಪುಟ ನೋಡಿದಾಗ ಅದರಲ್ಲಿ 'ನಕ್ಷತ್ರದ ಧೂಳು' ಕಂಡು ಜೀವ ಬಾಯಿಗೆ ಬಂತು. ಅದೃಷ್ಟಕ್ಕೆ ಅದು ಇನ್ನೂ ಮನೆಯಲ್ಲೇ ಇತ್ತು.

ನಿನ್ನ ನೌಕೆಯನ್ನು ಬಟ್ಟೆ ಒಗೆಯುವ ಡಬ್ಬ ಮಾಡಿದೆ ಎಂದು ಸಿಟ್ಟಾಗಬೇಡ. ನಿಮ್ಮಣ್ಣನಂತೂ "ಒಳ್ಳೇದೇ ಆಯ್ತು, ನಾಯಕಿ ಬಟ್ಟೆ ಎಲ್ಲಿ ಒಗೀತಾಳೆ ಅಂತ ನಂಗೂ ಅನುಮಾನ ಇತ್ತು" ಎಂದು ನಕ್ಕೂ ನಕ್ಕೂ ಕನ್ನಡಕ ಒರೆಸಿಕೊಂಡರು.

ಅತ್ತಿಗೆ


9 ಆಗಸ್ಟ್

ಅತ್ತಿಗೆ, ನನ್ನ ಬಂಗಾರದ ಅತ್ತಿಗೆ,

ಆ ಸಾಲನ್ನು ಮುಟ್ಟಿದರೆ ಜೋಕೆ. ನಿಮ್ಮ ಎರಡನೆಯ ಪತ್ರ ಈಗಷ್ಟೇ ಬಂತು. ಆದರೆ ಮೊದಲನೆಯದು ಮೊನ್ನೆ ಬಂದಾಗಿನಿಂದ ನಾನು ಮೇಜು ಬಿಟ್ಟು ಎದ್ದಿಲ್ಲ.

ಅಂಚೆಯವನು ಕೊಟ್ಟದ್ದನ್ನು ಮೆಟ್ಟಿಲ ಮೇಲೇ ಒಡೆದು ಓದಿದೆ. "ಬಾಗಿಲು ಸರಿಯಾಗಿ ಮುಚ್ಚಿಲ್ಲ." ಮೇಲೆ ಹತ್ತಿ ಬಂದು ಗೋಡೆಯ ಮೇಲಿನ ನಿಮ್ಮ ಚಿತ್ರ ನೋಡಿದೆ. ಅಲ್ಲಿ ಹಿಂಬಾಗಿಲು ಅಷ್ಟಗಲ ತೆರೆದುಕೊಂಡಿದೆ. ನಾನೇ ಬರೆದದ್ದು, ನಾನೇ ನಿಮ್ಮಿಂದ ಹಾಗೆ ಚಿತ್ರ ಬರೆಸಿದ್ದು. ನಾಲ್ಕು ವರ್ಷದಿಂದ ಎಂಜಿನ್ ಕೋಣೆಯಲ್ಲಿ ಕುಳಿತು ತಡಕಾಡುತ್ತಿದ್ದೆ, ಒಂದು ಸಲವೂ ಹಿಂದಕ್ಕೆ ಹೋಗಿ ನೋಡಲಿಲ್ಲ.

ನೌಕೆ ಕೆಟ್ಟಿಲ್ಲ ಅತ್ತಿಗೆ. ಅದು ಅಡುಗೆಯವಳಿಗಾಗಿ ಕಾಯುತ್ತಿದೆ. ಹಿಂಬಾಗಿಲು ತೆರೆದಿರುವವರೆಗೆ ಯಾರೋ ತನ್ನವರು ಹೊರಗಿದ್ದಾರೆ ಎಂದು ಅದಕ್ಕೆ ಗೊತ್ತು. ಬೆಳ್ಳಕ್ಕಿ ತನ್ನವರನ್ನು ಬಿಟ್ಟು ಹೊರಡುವುದಿಲ್ಲ ಎಂಬುದು ಜಂಬದ ಮಾತಲ್ಲ, ಅದನ್ನು ಕಟ್ಟಿದವರು ಎಂಜಿನ್ನಿನಲ್ಲೇ ಇಟ್ಟ ನಿಯಮ. ಮೊದಲ ಪುಸ್ತಕದಲ್ಲೇ ನಾನು ಬರೆದಿದ್ದೆ, ನನಗೇ ಗೊತ್ತಿರಲಿಲ್ಲ. ಸುಮ್ಮನೆ ಬಾಗಿಲು ಹಾಕಿದರೂ ಅದು ಹೊರಡುವುದಿಲ್ಲ. ನಾಯಕಿ ಹೋಗಿ ಅವಳನ್ನು ಕರೆದುಕೊಂಡು ಬರಬೇಕು. ಎಸೆದ ಸೌಟನ್ನು ಮತ್ತೆ ಅವಳ ಕೈಗೆ ಕೊಡಬೇಕು.

ಗುಟ್ಟು ಎಂದು ನಿಮಗೆ ಹೇಳಿದ್ದು ಹಸಿ ಸುಳ್ಳು. ನನಗೆ ಏನೂ ಗೊತ್ತಿರಲಿಲ್ಲ, ಹತ್ತನೆಯದರ ಒಂದು ಸಾಲೂ ಇರಲಿಲ್ಲ. ನಿಮ್ಮನ್ನು ನಂಬದೆ ಅಲ್ಲ, ನಾಚಿಕೆಯಾಗಿ. ಅಣ್ಣ ಕೇಳುತ್ತಾನೆ ಎಂಬ ಹೆದರಿಕೆಗೇ ನಿಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಈಗ ಮೂರು ಅಧ್ಯಾಯವಾಗಿದೆ. ಕೈ ನೋಯುತ್ತಿದೆ, ಹಸಿವಾಗುತ್ತಿದೆ, ಕೆಳಗೆ ಪಂಪಿನ ಸದ್ದು ಕೇಳಿದರೆ ಹಾಡು ಕೇಳಿದ ಹಾಗಾಗುತ್ತಿದೆ. ನನಗೆ ಇಷ್ಟು ಸಂತೋಷವಾಗಿ ಯಾವ ಕಾಲವಾಯಿತೋ.

ಪುಟ್ಟಿ


18 ಆಗಸ್ಟ್

ಪುಟ್ಟಿ,

ನಿನ್ನ ಪತ್ರವನ್ನು ನಿಮ್ಮಣ್ಣನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನಾಚಿಕೆ ಎಂದು ಬರೆದೆಯಲ್ಲ, ಅಲ್ಲಿಗೆ ಬಂದಾಗ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದರು. ಬಂದು "ನಾನು ಕೇಳ್ತಿದ್ದಿದ್ದು ಪುಸ್ತಕಕ್ಕೆ ಅಲ್ಲ ಕಣೇ. ಅವಳ ಹತ್ರ ಬೇರೆ ಏನು ಮಾತಾಡ್ಬೇಕೋ ಗೊತ್ತಾಗಲ್ಲ, ಅದಕ್ಕೆ ಅದನ್ನ ಕೇಳ್ತೀನಿ" ಎಂದರು. ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ.

ಹಿಂಬಾಗಿಲು ತೆರೆದ ಚಿತ್ರ ಬರೆದವಳೂ ನಾನೇ, ಬಾಗಿಲು ಹಾಕಿ ಎಂದು ಬರೆದವಳೂ ನಾನೇ. ಎರಡೂ ಒಂದೇ ಮೇಜಿನ ಮೇಲಿದ್ದವು, ನನಗೆ ಹೊಳೆಯಲಿಲ್ಲ. ನಿನಗೆ ಹೊಳೆಯಿತು. ಅದಕ್ಕೇ ನೀನು ಬರೆಯುತ್ತೀಯ, ನಾನು ಕಾಲುಚೀಲ ಹುಡುಕುತ್ತೇನೆ.

ನೀನು ಸುಳ್ಳು ಒಪ್ಪಿಕೊಂಡೆ, ಈಗ ನನ್ನ ಸರದಿ. ಆ ಏಣಿ ನನಗೆ ಸಿಕ್ಕಿದ್ದು ಮೊದಲ ಮುದ್ರಣದಲ್ಲೇ. ಅದು ನನ್ನ ಸೀರೆಗಳ ಕೆಳಗಿದೆ, ರಟ್ಟು ಹರಿದು ಮೂರು ಸಲ ಅಂಟಿಸಿದ್ದೇನೆ. ಮದುವೆಯ ಮಾತು ಬಂದಾಗ ನಿಮ್ಮಣ್ಣನ ಮುಖವನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ. ಹುಡುಗನ ತಂಗಿ ಬೆಳ್ಳಕ್ಕಿ ಬರೆದವಳು ಎಂದು ಯಾರೋ ಹೇಳಿದರು. ಒಪ್ಪಿಗೆ ಎಂದುಬಿಟ್ಟೆ. ಮುಂದೆ ಏನಾಗುತ್ತದೆ ಎಂದು ದಿನಾ ಮನೆಯಲ್ಲೇ ಕೇಳಬಹುದಲ್ಲ ಎಂಬ ಆಸೆ. ನೀನು ನೋಡಿದರೆ ಮೊದಲ ದಿನವೇ ಓದಬೇಡಿ ಎಂದೆ, ನನ್ನ ಬಾಯಿಗೆ ಬೀಗ ಬಿತ್ತು. ಅಂದಿನಿಂದ ಒಂದೊಂದು ಪುಸ್ತಕವನ್ನೂ ಬಂದ ದಿನವೇ ಓದಿದ್ದೇನೆ, ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟುಕೊಂಡು. ಈ ಕೈಪಿಡಿಯ ಕೆಲಸವೂ ತಾನಾಗಿ ಬರಲಿಲ್ಲ, ಪ್ರಕಾಶಕರ ಬಾಗಿಲಿಗೆ ನಾನೇ ಹೋಗಿ ಕೇಳಿಕೊಂಡೆ. ನೀನು ಯಾಕೆ ಬರುತ್ತಿಲ್ಲ ಎಂದು ತಿಳಿಯಲು ನಿನ್ನ ನೌಕೆಯೊಳಗೆ ಹೋಗುವುದೊಂದೇ ದಾರಿ ಕಂಡಿತು.

ಮೂತಿ ತಿರುಗಿಸಿ ಎಂದು ನೀನು ನಕ್ಕಾಗ ಪೆಚ್ಚಾಗಿದ್ದು ನಿಜ. ಇಷ್ಟು ವರ್ಷ ನನ್ನ ತಲೆಯೊಳಗೆ ಬೆಳ್ಳಕ್ಕಿ ಹಿಂದಕ್ಕೇ ಹಾರುತ್ತಿತ್ತು. ಅದನ್ನು ತಿರುಗಿಸಲು ಒಂದು ವಾರ ಬೇಕಾಯಿತು, ಪತ್ರ ಚಿಕ್ಕದಾಗಿದ್ದು ಅದಕ್ಕೇ.

ಇದನ್ನೆಲ್ಲ ಕೇಳಿ ನಿಮ್ಮಣ್ಣ, "ಅಂದ್ರೆ ನೀನು ಮದುವೆಯಾಗಿದ್ದು ನನ್ನನ್ನಲ್ಲ, ಹಡಗನ್ನ" ಎಂದರು. "ಹಡಗು ಸಿಗ್ಲಿಲ್ಲ, ನೀವು ಸಿಕ್ಕಿದ್ರಿ" ಎಂದೆ. ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದರು. ಆಮೇಲೆ ಒಂದನೆಯ ಪುಸ್ತಕ ಕೇಳಿ ಇಸಿದುಕೊಂಡು, ಏಣಿ ಯಾವ ಪುಟದಲ್ಲಿದೆ ಎಂದು ಹುಡುಕುತ್ತಾ ಕುಳಿತರು.

ಕೊನೆಯ ಪುಟವನ್ನು ತಿದ್ದಿದ್ದೇನೆ, ನೋಡು:

ತೊಂದರೆ: ಎಂಜಿನ್ ಹೊರಡುತ್ತಿಲ್ಲ. ಕಾರಣ: ನಮ್ಮವರೊಬ್ಬರು ಇನ್ನೂ ಹೊರಗಿದ್ದಾರೆ. ಪರಿಹಾರ: ಹೋಗಿ ಕರೆಯಿರಿ. ಒಳಗೆ ಬಂದ ಮೇಲೆ, 'ಟಕ್' ಎಂಬ ಸದ್ದು ಕೇಳುವವರೆಗೆ ಬಾಗಿಲನ್ನು ಒತ್ತಿ.

ಕರೆಯುತ್ತಿದ್ದೇನೆ ಪುಟ್ಟಿ. ಬಂದುಬಿಡು.

ಅತ್ತಿಗೆ


27 ಆಗಸ್ಟ್

ಅತ್ತಿಗೆ,

ಪುಟ ಹಾಗೇ ಇರಲಿ, ಒಂದು ಅಕ್ಷರವೂ ಬದಲಾಗುವುದು ಬೇಡ. ಪ್ರಕಾಶಕರಿಗೂ ಬರೆದಿದ್ದೇನೆ.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದೇನೆ. ಆರು ಅಧ್ಯಾಯ ಚೀಲದಲ್ಲಿದೆ. ಮೊದಲು ಓದುವವರು ನೀವೇ, ಅಕ್ಕಿ ಡಬ್ಬದ ಹಿಂದೆ ಅಲ್ಲ, ನಡುಮನೆಯಲ್ಲಿ, ದೀಪದ ಕೆಳಗೆ, ಕಾಲು ಚಾಚಿಕೊಂಡು. ಮುಂದೇನು ಎಂದು ಎಷ್ಟು ಸಲ ಬೇಕಾದರೂ ಕೇಳಿ.

ನನಗಾಗಿ ಬಾಗಿಲು ತೆರೆದಿಟ್ಟುಕೊಂಡು ಕಾಯಬೇಡಿ, ಹಾಕಿಕೊಂಡು ಕೆಲಸ ನೋಡಿಕೊಳ್ಳಿ. ನಾನು ತಟ್ಟುತ್ತೇನೆ. ತೆಗೆಯಲು ಅಣ್ಣನೇ ಬರಲಿ. ಚೀಲ ಇಳಿಸಿಕೊಳ್ಳುವ ಮೊದಲೇ ಹತ್ತನೆಯದು ಎಲ್ಲಿಗೆ ಬಂತೆಂದು ಕೇಳಬೇಕೆಂದು ಅವನಿಗೆ ಹೇಳಿ.

ಪುಟ್ಟಿ